ಖಾಲಿ ಕುರ್ಚಿ ತುಂಬಲು ಹೋಗಿ

ಸ್ನೇಹಿತರೇ, ಇವತ್ತು ಶಿಕಾರಿಪುರದಲ್ಲಿ ನನಗೆ ಸನ್ಮಾನವಾಯಿತು. ದಯವಿಟ್ಟು ಯಾರೂ ಅಭಿನಂದಿಸಬೇಡಿ.

ಟೆಂಟ್ ಟಾಕೀಸಿನಲ್ಲಿ ಮೂವತ್ತು ವರ್ಷ ಸಿನಿಮಾ ಓಡಿಸಿದ ರುದ್ರಪ್ಪನವರನ್ನು ಗೌರವಿಸುವ ಕಾರ್ಯಕ್ರಮವದು. ಮೊದಲಿಗೆ ಸೊರಬದಿಂದ ಬಂದ ಉಪನ್ಯಾಸಕರು ಆಸ್ಕರ್ ಪ್ರಶಸ್ತಿಯ ಇತಿಹಾಸ ಹೇಳುತ್ತಿದ್ದರು. ಅಲ್ಲಿ ತಾರೆಯರು ಎದ್ದು ಹೊರಗೆ ಹೋದರೆ, ಕ್ಯಾಮೆರಾಕ್ಕೆ ಖಾಲಿ ಕುರ್ಚಿ ಕಾಣಬಾರದೆಂದು ಸೂಟು ತೊಟ್ಟ ಬೇರೆ ಯಾರನ್ನಾದರೂ ಕೂರಿಸುತ್ತಾರಂತೆ. ಅದೇ ಹೊತ್ತಿಗೆ ಮುಂದಿನ ಸಾಲಿನಲ್ಲಿದ್ದ ರುದ್ರಪ್ಪನವರು ಮೂತ್ರಕ್ಕೆಂದು ಎದ್ದು ಹೋದರು. ಕಾರ್ಯಕ್ರಮ ಏರ್ಪಡಿಸಿದ್ದ ಸಂಘದ ಕಾರ್ಯದರ್ಶಿ ನನ್ನ ತೋಳು ಹಿಡಿದು, "ವಿಡಿಯೋದಾಗ ಖಾಲಿ ಕಾಣ್ತೈತಿ, ಎರಡು ನಿಮಿಷ ಕೂತ್ಕೊಳ್ರೀ" ಎಂದರು. ಕೂತೆ.

ಮುಖ್ಯ ಅತಿಥಿಗಳಿಗೆ ಇನ್ನೊಂದು ಕಾರ್ಯಕ್ರಮದ ಅವಸರ. ಉಪನ್ಯಾಸವನ್ನು ಅರ್ಧಕ್ಕೇ ನಿಲ್ಲಿಸಿ, ವೇದಿಕೆಯಿಂದ ಇಳಿದು ಬಂದವರೇ ನನಗೆ ಪೇಟ ತೊಡಿಸಿ ಶಾಲು ಹೊದಿಸಿದರು.

"ನಾನಲ್ಲ ಸಾರ್, ಅವರು ಹೊರಗೆ ಹೋಗ್ಯಾರೆ" ಎಂದೆ.

"ಎಷ್ಟು ವಿನಯ ನೋಡ್ರೀ!" ಎಂದು ಮೈಕಿನಲ್ಲಿ ಹೇಳಿ, ಫೋಟೋ ತೆಗೆಸಿಕೊಂಡು ಕಾರು ಹತ್ತಿದರು.

ರುದ್ರಪ್ಪನವರು ಪಂಚೆಯ ತುದಿಗೆ ಕೈ ಒರೆಸುತ್ತಾ ಬಂದು ನನ್ನ ತಲೆಯ ಪೇಟ ನೋಡಿದರು. "ಮೂವತ್ತು ವರ್ಷ ಓಡೋ ರೀಲು ಬಿಟ್ಟು ಎದ್ದೋನಲ್ಲ ತಮ್ಮಾ. ಇವತ್ತೊಂದಿನ ಎದ್ದೆ" ಎಂದರು.

ಪೇಟ, ಶಾಲು ಎರಡನ್ನೂ ತೆಗೆದು ಅವರಿಗೆ ಹಾಕಿದೆ. ಆದರೆ ಚಪ್ಪಾಳೆ ತಟ್ಟಬೇಕಾದವರೆಲ್ಲ ಅಷ್ಟರಲ್ಲಿ ಊಟದ ಸಾಲಿನಲ್ಲಿದ್ದರು.

ಈಗ ಊರಿನ ಗ್ರೂಪುಗಳಲ್ಲೆಲ್ಲ ಆ ಫೋಟೋ ಓಡಾಡುತ್ತಿದೆ. ಮುಖ ನನ್ನದು, ಹೆಸರು ರುದ್ರಪ್ಪನವರದು. ಅದರ ಕೆಳಗೆ ನನ್ನ ಸ್ವಂತ ತಮ್ಮನೇ ಬರೆದಿದ್ದಾನೆ: "ಅರ್ಹರಿಗೆ ಸಂದ ಗೌರವ."