ಮಗುವಿನ ಪಾದದ ಮೇಲಿನ ಬಿಳಿ ಮಬ್ಬು

೨೦೦೫ರ ಜುಲೈ. ಸಿಡ್ನಿಯ ಚಳಿಗೆ ಬಾಟಲಿಯಲ್ಲಿ ತೆಂಗಿನೆಣ್ಣೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ಅದನ್ನು ಬಿಸಿನೀರಿನ ಪಾತ್ರೆಯಲ್ಲಿ ಇಳಿಸಿಟ್ಟು ದೋಸೆ ಹುಯ್ದೆ. ಎಣ್ಣೆ ಕರಗಿ ತಿಳಿಯಾದ ಮೇಲೆ ಮಗಳ ತಲೆಗೆ ಹಚ್ಚಿ ಎರಡು ಜಡೆ ಹೆಣೆದೆ. "ಅಮ್ಮಾ, ನಾಟ್ ಸೋ ಮಚ್!" ಎಂದು ಅವಳು ಎಂದಿನಂತೆ ಮುಖ ಸಿಂಡರಿಸಿದಳು. ಅವಳನ್ನು ಶಾಲೆಗೆ ಬಿಟ್ಟು ಪೆಂಡಲ್ ಹಿಲ್‌ನಲ್ಲಿ ರೈಲು ಹತ್ತಿದೆ.

ಮನೆವಾರ್ತೆಯ ನಡುವೆ ವಾರಕ್ಕೆರಡು ದಿನ ನಾನೊಂದು ಸಣ್ಣ ಸ್ಟುಡಿಯೋದಲ್ಲಿ ಸಹಾಯಕಿಯಾಗಿದ್ದೆ. ಹಳೆಯ ಚಿತ್ರಗಳನ್ನು ಶುಚಿಗೊಳಿಸಿ ಉಳಿಸುವ ಕೆಲಸ ಅಲ್ಲಿಯದು. ಅದನ್ನು ಮಾಡುವ ಕನ್ಸರ್ವೇಟರ್ ಮಾರ್ಗರೆಟ್. ನನ್ನ ಪಾಲಿಗೆ ಫೋಟೊ ತೆಗೆಯುವುದು, ನೋಟ್ಸ್ ಬರೆಯುವುದು. ಚಿತ್ರ ಮುಟ್ಟುವ ಹಾಗಿರಲಿಲ್ಲ.

ಆ ದಿನ ಮೇಜಿನ ಮೇಲಿದ್ದುದು ಪಶ್ಚಿಮ ಸಿಡ್ನಿಯ ಚರ್ಚೊಂದರಿಂದ ಬಂದ 'ಹೋಲಿ ಫ್ಯಾಮಿಲಿ'. ಹದಿನೇಳನೇ ಶತಮಾನದ ಯುರೋಪಿನ ಬರೋಕ್ ಚಿತ್ರ: ಸುತ್ತ ಕತ್ತಲೆ, ಒಂದೇ ಕಡೆಯಿಂದ ಬೀಳುವ ಬೆಳಕು, ಮರಿಯಮ್ಮನ ಮಡಿಲಲ್ಲಿ ಮಗು ಯೇಸು, ಹಿಂದೆ ಬಡಗಿ ಜೋಸೆಫ್. ನಾನು ಓದಿದ ಕಾನ್ವೆಂಟಿನ ಚಿತ್ರದಲ್ಲಿ ಜೋಸೆಫನ ಕೈಯಲ್ಲಿ ಲಿಲಿ ಹೂವಿತ್ತು. ಇಲ್ಲಿ ಉಳಿ. ಹೆಬ್ಬೆರಳ ಉಗುರು ಸುತ್ತಿಗೆಯ ಪೆಟ್ಟು ತಿಂದು ಕಪ್ಪಾಗಿತ್ತು. ಯಾವ ಬಡಗಿಯ ಕೈ ನೋಡಿ ಬರೆದರೋ!

ಮಗುವಿನ ಬಲಪಾದದ ಮೇಲೆ ಮಾತ್ರ ಬಿಳಿ ಮಬ್ಬು. "ವಾರ್ನಿಶ್ ಕೆಟ್ಟಿದೆ," ಎಂದಳು ಮಾರ್ಗರೆಟ್. ಬಣ್ಣವನ್ನು ಕಾಯಲು ಮೇಲೆ ಬಳಿಯುವ ಪಾರದರ್ಶಕ ಲೇಪವೇ ವಾರ್ನಿಶ್. ಅದನ್ನು ತೆಗೆಯಲು ಕಟುವಾದ ಸಾಲ್ವೆಂಟ್, ಅಂದರೆ ಕರಗಿಸುವ ದ್ರವ, ಬೇಕು. ಸ್ವಲ್ಪ ಹೆಚ್ಚಾದರೂ ಪಾದದ ನಸುಗೆಂಪು ಬಣ್ಣವೇ ಎದ್ದು ಬರುತ್ತದೆ, ಹೋದರೆ ಹೋಯಿತು.

ಫೋಟೊಗೆಂದು ಲ್ಯಾಂಪ್ ಹತ್ತಿರ ತಂದೆ. ಸ್ವಲ್ಪ ಹೊತ್ತಿಗೆ ಬಿಳಿ ಮಾಯ! ಆರಿಸಿ, ಕಾಫಿ ಕುಡಿದು ಬಂದರೆ ಮತ್ತೆ ಅಲ್ಲೇ ಇದೆ. ಬಗ್ಗಿ ಮೂಸಿದೆ. ತೆಂಗಿನೆಣ್ಣೆಯ ವಾಸನೆ.

ಬೆಳಗಿನ ಎಣ್ಣೆಗೈಯಲ್ಲಿ ಗೊತ್ತಿಲ್ಲದೆ ಮುಟ್ಟಿಬಿಟ್ಟೆನೇ? ಕಳೆದ ವಾರ ಪ್ಯಾಕಿಂಗ್ ಬಿಚ್ಚಿದ ಕೂಡಲೇ ತೆಗೆದಿದ್ದ ಫೋಟೊ ಹುಡುಕಿದೆ. ಅದರಲ್ಲೂ ಬಿಳಿ ಇತ್ತು. ಸದ್ಯ, ನಾನಲ್ಲ.

ಅಷ್ಟರಲ್ಲಿ ಮಾರ್ಗರೆಟ್ ಹತ್ತಿಯ ಕಡ್ಡಿಯನ್ನು ಸಾಲ್ವೆಂಟಿನಲ್ಲಿ ಅದ್ದಿದ್ದಳು.

"ಒಂದು ನಿಮಿಷ! ಅದು ವಾರ್ನಿಶ್ ಅಲ್ಲ, ತೆಂಗಿನೆಣ್ಣೆ. ಚಳಿಗೆ ಗಟ್ಟಿಯಾಗಿದೆ."

"ಯುರೋಪಿನಲ್ಲಿ ತೆಂಗಿನಮರ ಯಾವಾಗ ಬೆಳೆಯಿತಮ್ಮ?" ಎಂದು ನಕ್ಕಳು.

ಲ್ಯಾಂಪ್ ಹಚ್ಚಿ ತೋರಿಸಿದೆ. ಅವಳು ಆ ಕಡ್ಡಿಯನ್ನು ಕೆಳಗಿಟ್ಟಳು. ಸೌಮ್ಯವಾದ ವೈಟ್ ಸ್ಪಿರಿಟ್ ಸೋಕಿಸಿದ ಹತ್ತಿಗೇ ಜಿಡ್ಡೆಲ್ಲ ಬಂತು, ಬಣ್ಣ ಅಲುಗಲಿಲ್ಲ. ಪಾದದ ಮೇಲೆ ಹಳೆಯ ಬಣ್ಣ ಒಣಗಿ ಮೂಡಿದ್ದ ಸಣ್ಣ ಬಿರುಕುಗಳಷ್ಟೇ ಉಳಿದವು.

ಕಂಡದ್ದಕ್ಕೆ ಹೆಸರಿಡುವ ಮೊದಲು ಅದು ಬಿಸಿಗೆ, ಚಳಿಗೆ ಏನಾಗುತ್ತದೆಂದು ಕಾದು ನೋಡಬೇಕು. ಆ ಕೆಲಸ ನನಗೆ ಕಲಿಸಿದ್ದು ಇಷ್ಟು. ಆದರೆ ಎಣ್ಣೆ ಹಚ್ಚಿದವರು ಯಾರು? ಏಕೆ? ರೈಲಿನುದ್ದಕ್ಕೂ ಅದೇ ಯೋಚನೆ.

ಸಂಜೆ ಒಣಗಿದ ಬಟ್ಟೆ ತೆಗೆಯುವಾಗ ಬೇಲಿಯಾಚೆ ಪಕ್ಕದ ಮನೆಯ ಲಿಲ್ಲಿ ಆಂಟಿಯೂ ಬಟ್ಟೆ ತೆಗೆಯುತ್ತಿದ್ದರು. ಮಂಗಳೂರಿನವರು, ಅದೇ ಚರ್ಚಿನಲ್ಲಿ ಪ್ರತಿ ಶನಿವಾರ ಹೂವಿಡುವವರು. ನಡೆದದ್ದನ್ನೆಲ್ಲ ಹೇಳಿದೆ. ಅವರು ತಲೆ ಎತ್ತಲೂ ಇಲ್ಲ, ಬೆಡ್‌ಶೀಟ್ ಮಡಚುತ್ತಲೇ ಅಂದರು:

"ಅದು ನಾನೇ ಹಚ್ಚಿದ್ದು ಮಾರಾಯ್ತಿ. ಈ ಚಳಿಗೆ ಆ ಪುಟ್ಟ ಕಾಲು ಹೇಗೆ ಒಡೆದಿತ್ತು, ನೋಡ್ಲಿಲ್ವಾ ನೀನು? ಈಗ ಸ್ವಲ್ಪ ಕಮ್ಮಿ ಉಂಟಾ?"