ಕೆಂಪು ಕಾರಿಗೊಂದು ಹೊಸಿಲು

ನಮ್ಮ ಭಾವ ಹನುಮಂತರಾಯಪ್ಪ ಕೋಪ ಮಾಡಿಕೊಂಡದ್ದನ್ನು ನಾನು ಕಂಡವಳಲ್ಲ. ಅವನ ಪಾಲಿನ ಕೋಪವನ್ನೂ ನಾನೇ ಮಾಡಿಕೊಳ್ಳುತ್ತಿದ್ದೆ. ಅಕ್ಕನ ಗಂಡ, ನಾದಿನಿಗೆ ಅಷ್ಟೂ ಸಲಿಗೆ ಇಲ್ಲದಿದ್ದರೆ ಹೇಗೆ? ಪೀಣ್ಯದಲ್ಲಿ ಬೋಲ್ಟು ಮಾಡುವ ಒಂದು ಫ್ಯಾಕ್ಟರಿಯ ಓನರಿಗೆ ಅವನು ಡ್ರೈವರು. ಅದೇ ಫ್ಯಾಕ್ಟರಿಯಲ್ಲಿ ಬೋಲ್ಟಿಗೆ ಗ್ರೀಸು ಸವರಿ ಡಬ್ಬಿಗೆ ತುಂಬುವ ಕೆಲಸ ನನ್ನದು.

ಆ ಫ್ಯಾಕ್ಟರಿ ನಿಂತಿದ್ದ ನೆಲ ಒಂದು ಕಾಲಕ್ಕೆ ಭಾವನ ರಾಗಿ ಹೊಲ. ಈಗ ಗೇಟಿರುವ ಕಡೆ, ಹೊಂಗೆ ಮರದ ಪಕ್ಕದಲ್ಲೇ ಅವರ ಮನೆಯಿತ್ತು. ಅಕ್ಕ ಅಂಜಿನಮ್ಮ ಮದುವೆಯಾಗಿ ಅಕ್ಕಿಯ ಸೇರು ಒದ್ದು ಒಳಗೆ ಹೋದದ್ದು ಆ ಮನೆಗೆ. ಕೈಗಾರಿಕೆಗೆಂದು ಸರಕಾರ ಜಮೀನು ತೆಗೆದುಕೊಂಡಾಗ ಅವರು ದಾಸರಹಳ್ಳಿಗೆ ಬಂದರು, ನಾನಿದ್ದದ್ದೂ ಅವರ ಜೊತೆಗೇ. ಮನೆ ಕೆಡವಿದ ದಿನ ಅಕ್ಕ ಅಳಲಿಲ್ಲ, ಯಾರನ್ನೂ ಬಯ್ಯಲಿಲ್ಲ. ಹೊಸಿಲಿನ ಕಲ್ಲೊಂದನ್ನು ಮಾತ್ರ ಬಿಡದೆ ಎತ್ತಿನ ಗಾಡಿಗೆ ಹೇರಿಸಿಕೊಂಡು ಬಂದಳು. ಹೊಸ ಮನೆಯ ಹಿತ್ತಲ ಗೋಡೆಗೆ ಅದನ್ನು ಒರಗಿಸಿಟ್ಟು ಶುಕ್ರವಾರ ಶುಕ್ರವಾರ ಅರಿಶಿನ ಕುಂಕುಮ ಹಚ್ಚುತ್ತಿದ್ದಳು. ಬಾಗಿಲೇ ಇಲ್ಲದ ಹೊಸಿಲಿಗೆ ಎಂಥ ಪೂಜೆ ಅಂತ ನಾನು ರೇಗಿಸಿದರೆ ಮುಖ ತಿರುಗಿಸಿಕೊಂಡು ಒಳಗೆ ಹೋಗುತ್ತಿದ್ದಳು.

ಎಂಬತ್ಮೂರನೇ ಇಸವಿ ಇರಬೇಕು. ಮಷೀನು ನೋಡಲು ಜರ್ಮನಿಗೆ ಹೋಗಿದ್ದ ಓನರು ಬರುವಾಗ ಒಂದು ಸ್ಪೋರ್ಟ್ಸ್ ಕಾರಿಗೆ ಆರ್ಡರ್ ಕೊಟ್ಟು ಬಂದರು. ಅಂಗಡಿಯಲ್ಲಿ ನಿಂತಿರುವ ಕಾರಲ್ಲ. ಅಲ್ಲಿನ ಕಾರ್ಖಾನೆಯಲ್ಲಿ ಇವರಿಗೆಂದೇ ಹೊಸದಾಗಿ ತಯಾರಾಗುವಂಥದು. ಬಣ್ಣ ಕೆಂಪು. ಸ್ಟೀರಿಂಗು ನಮ್ಮ ದೇಶದ ಹಾಗೆ ಬಲಗಡೆ, ಅದಕ್ಕೇ ತಡವಂತೆ. ಪರವಾನಗಿ, ಸುಂಕ ಎಲ್ಲ ಹೇಗೆ ಮಾಡಿಸಿಕೊಂಡರೋ, ದೊಡ್ಡವರ ಸಂಗತಿ ನಮಗೇಕೆ? ಹಡಗಿನಲ್ಲಿ ಮದ್ರಾಸಿಗೆ ಬರುತ್ತದೆ, ಅಲ್ಲಿಂದ ರಸ್ತೆ ಮೇಲೆ ಬೆಂಗಳೂರಿಗೆ ಬರುತ್ತದೆ ಅಂತ ಓನರು ಯಾರಿಗೋ ಹೇಳುತ್ತಿದ್ದರು.

ರಸ್ತೆ ಮೇಲೆ ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಭಾವ ಭೂಮಿ ಮೇಲೆ ನಿಲ್ಲಲಿಲ್ಲ. ಕಾರು ಅಂದಮೇಲೆ ಡ್ರೈವರು ಬೇಕು. ಡ್ರೈವರು ಅಂದರೆ ತಾನು. ಮದ್ರಾಸಿನಿಂದ ಪೀಣ್ಯದವರೆಗೆ ಆ ಕಾರನ್ನು ತಾನೇ ಓಡಿಸಿಕೊಂಡು ಬರುತ್ತೇನೆ ಅಂತ ಅವನು ಅವತ್ತೇ ತೀರ್ಮಾನ ಮಾಡಿಬಿಟ್ಟ. ಓನರು ಅದರದೊಂದು ಬಣ್ಣದ ಚಿತ್ರ ಕೊಟ್ಟಿದ್ದರು. ಅದನ್ನು ತಂದು ದೇವರ ಪಟದ ಪಕ್ಕ ಸಿಕ್ಕಿಸಿದ. ನಾನು ನೋಡಿ, "ಭಾವ, ಇದ್ಕೆ ಹಿಂದಿನ್ ಬಾಗ್ಲೇ ಇಲ್ವಲ್ಲ?" ಅಂದೆ.

"ಫಾರಿನ್ ಕಾರು ಕಣಮ್ಮಿ. ಬಾಗ್ಲು ಕಾಣ್ದಂಗೆ ಮಡಗಿರ್ತಾರೆ" ಅಂದ.

ಅಷ್ಟು ವರ್ಷ ಅಂಬಾಸಿಡರ್ ಓಡಿಸಿದವನಿಗೆ ಓನರು ಅಂದರೆ ಹಿಂದಿನ ಸೀಟು. ಓನರು ಮುಂದೆ ಕೂರುವ ಕಾರೂ ಲೋಕದಲ್ಲಿ ಇರಬಹುದು ಅಂತ ಅವನಿಗೆ ಹೊಳೆಯಲೇ ಇಲ್ಲ. ನನಗಾದರೂ ಎಲ್ಲಿ ಹೊಳೆಯಿತು? ಬಾಯಿ ಮುಂದು, ಬುದ್ಧಿ ಅಷ್ಟಕ್ಕಷ್ಟೆ.

ಆಮೇಲೆ ತಿಂಗಳುಗಟ್ಟಲೆ ನಮ್ಮ ಸಾಯಂಕಾಲಗಳೆಲ್ಲ ಆ ಕಾರಿನವೇ. ಕೆಲಸ ಮುಗಿಸಿ ಬಂದು, ಕೈಕಾಲು ತೊಳೆದು, ಭಾವ ಜಗಲಿ ಮೇಲೆ ಕೂತು ಈಗ ಅದು ಎಲ್ಲಿರಬಹುದು ಅಂತ ಶುರು ಮಾಡುವನು. ಮೊದಮೊದಲು ಕಾರಿಗೆ ಇನ್ನೂ ಚಕ್ರ ಬಂದಿರಲಿಲ್ಲ. ಆಮೇಲೆ ಕೆಂಪು ಬಣ್ಣ ಬಳಿದು ಒಣಗಲು ಬಿಟ್ಟಿದ್ದರು. ಆಮೇಲೆ ಹಡಗಿನ ಹೊಟ್ಟೆಯಲ್ಲಿ, ಮೇಲೊಂದು ಬಟ್ಟೆ ಹೊದ್ದು, ತೊಟ್ಟಿಲ ಮಗುವಿನ ಹಾಗೆ ತೂಗಿಸಿಕೊಂಡು ಮಲಗಿತ್ತು. ಅವನು ಸಮುದ್ರ ಕಂಡದ್ದು ಒಂದೇ ಸಲ, ಅಂಬಾಸಿಡರಿನಲ್ಲಿ ಓನರನ್ನು ಮದ್ರಾಸಿಗೆ ಕರೆದುಕೊಂಡು ಹೋದಾಗ. ಆ ಒಂದು ಸಲದ ಸಮುದ್ರವನ್ನೇ ಹಿಗ್ಗಿಸಿ ಹಿಗ್ಗಿಸಿ ಜರ್ಮನಿಯವರೆಗೆ ಮುಟ್ಟಿಸಿದ್ದ.

ಹಡಗು ದಡಕ್ಕೆ ಬಂದಮೇಲೆ ಹೊರಡುವುದು. ಅವನ ಬಲಗೈ ಸ್ಟೀರಿಂಗು ಹಿಡಿಯುವುದು, ಎಡಗೈ ಗೇರು ಹಾಕುವುದು. ರಾಣಿಪೇಟೆ ಬರುವುದು, ವೇಲೂರಿನ ಕೋಟೆ ಬರುವುದು. ಆಂಬೂರಿನಲ್ಲಿ ಟೀ ಕುಡಿಯಬೇಕು, ಆದರೆ ಕಾರಿನ ಮೇಲೊಂದು ಕಣ್ಣಿಟ್ಟಿರಬೇಕು, ಜನ ಮುಟ್ಟಿಬಿಡುತ್ತಾರೆ. ಆಮೇಲೆ ಹುಣಸೆ ಮರಗಳು ಎರಡೂ ಕಡೆಯಿಂದ ಬಾಗಿ ರಸ್ತೆಗೆ ಚಪ್ಪರ ಹಾಕಿರುತ್ತವೆ, ಅದರೊಳಗೆ ಕೆಂಪು ಕಾರು ಸದ್ದೇ ಇಲ್ಲದೆ ಹೋಗುತ್ತಾ ಇರುತ್ತದೆ. ಕಾಗೆ ಹಾರಿಸಬೇಡ ಭಾವ ಅಂತ ಶುರುವಿನಲ್ಲಿ ಬಯ್ಯುತ್ತಿದ್ದವಳು ನಾನೇ. ಆದರೆ ಸುಳ್ಳೇಕೆ, ವೇಲೂರು ದಾಟುವಷ್ಟರಲ್ಲಿ ನಾನೂ ಆ ಕಾರಿನಲ್ಲಿ ಕೂತಿರುತ್ತಿದ್ದೆ. ಕಿಟಕಿಯ ಗಾಳಿಗೆ ಕಣ್ಣು ತಾನೇ ಮುಚ್ಚಿಕೊಳ್ಳುತ್ತಿತ್ತು.

ಅಕ್ಕ ಒಳಗೆ ಮುದ್ದೆ ತಿರುವುತ್ತಾ ಕೇಳಿಸಿಕೊಳ್ಳುತ್ತಿದ್ದಳು. ಒಂದು ದಿನ ಅಲ್ಲಿಂದಲೇ, ಹಿಂದಿನ ಸೀಟಿನಲ್ಲಿ ಯಾರಿದ್ದಾರೆ ಅಂತ ಕೇಳಿದಳು. ಓನರು ಅಂದ ಭಾವ. ಅವಳು ಕೋಲು ಒತ್ತಿ ಮುದ್ದೆ ತಿರುವಿದಳು. ಪಾಪ, ಗಂಡ ಡ್ರೈವರ್ ಅಂತ ಹೆಸರು, ಅವನು ಓಡಿಸುವ ಕಾರಿನಲ್ಲಿ ಅವಳು ಒಂದು ದಿನವೂ ಕೂತವಳಲ್ಲ. ಜ್ವರ ಬಂದು ಮೈ ಸುಡುತ್ತಿದ್ದಾಗಲೂ, ಮಾಲೀಕರ ವಸ್ತು ಮುಟ್ಟಬಾರದು ಅಂತ ಬಸ್ಸಿನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದ. ಅವತ್ತು ನಾನು ಅವನಿಗೆ ಮಾಡಿದ ಮಂಗಳಾರತಿ ಇಡೀ ಬೀದಿಗೆ ಕೇಳಿಸಿತ್ತು.

ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುವ ಹಾಗೆ, ಕಾರಿಗೆ ಮೊದಲು ಶೆಡ್ಡು ಎದ್ದಿತು. ಗೇಟಿನ ಪಕ್ಕ, ಹೊಂಗೆ ಮರದ ನೆರಳಿಗೆ ಒಂದು ಶೆಡ್ಡು ಕಟ್ಟಿಸು ಅಂತ ಓನರು ಭಾವನಿಗೇ ಒಪ್ಪಿಸಿದ್ದರು. ಗಾರೆ ಕೆಲಸದ ಸೊಣ್ಣಪ್ಪ ಗೋಡೆ ಎಬ್ಬಿಸಿದ. ಬುತ್ತಿ ಕೊಡಲು ಬಂದ ಅಕ್ಕ ನೋಡುತ್ತಾಳೆ, ಶೆಡ್ಡಿನ ಬಾಗಿಲು ಬಂದಿರುವುದು ಸರಿಯಾಗಿ ಅವರ ಹಳೇ ಮನೆಯ ಬಾಗಿಲಿದ್ದ ಜಾಗಕ್ಕೆ. ಬುತ್ತಿ ಕೆಳಗಿಟ್ಟು ಬಗ್ಗಿ ಬಾಗಿಲಡಿಯ ನೆಲ ಮುಟ್ಟಿದಳು. ಆಮೇಲೆ, "ಹೊಸ್ಲು ಇಲ್ದಿದ್ ಮೇಲೆ ಬಾಗ್ಲು ಹೆಂಗಾಯ್ತದೆ? ನಮ್ಮ ಕಲ್ಲು ಹಾಕ್ಸಿ" ಅಂದಳು.

ಕಾರು ನಿಲ್ಲಿಸುವ ಶೆಡ್ಡಿಗೆ ಯಾರೂ ಹೊಸಿಲು ಹಾಕುವುದಿಲ್ಲ ಅಂತ ಸೊಣ್ಣಪ್ಪ ಗೊಣಗಿದ. ಭಾವ ಕೇಳಲಿಲ್ಲ. ನಮ್ಮ ರಸ್ತೆಯಲ್ಲಿ ಇದಕ್ಕಿಂತ ದೊಡ್ಡ ಕಲ್ಲುಗಳನ್ನು ಅಂಬಾಸಿಡರ್ ದಿನಾ ಹತ್ತಿ ಇಳಿಯುತ್ತದೆ, ಫಾರಿನ್ ಕಾರಿಗೆ ಇದೊಂದು ಲೆಕ್ಕವೇ ಅಂದ. ಕಲ್ಲು ದಾಸರಹಳ್ಳಿಯಿಂದ ಬಂದು ಮೊದಲಿದ್ದಲ್ಲೇ ಕೂತಿತು. ಅಕ್ಕ ಬಂದು ಅರಿಶಿನ ಸವರಿ, ರಂಗೋಲಿ ಬಿಟ್ಟು ಹೋದಳು.

ಹಡಗು ಬಂತು ಅಂತ ತಿಳಿದ ದಿನ ಭಾವ ಬಿಳೀ ಯೂನಿಫಾರಮ್ಮಿಗೆ ಇಸ್ತ್ರಿ ಮಾಡಿಸಿಕೊಂಡು, ಕ್ಷೌರ ಮಾಡಿಸಿಕೊಂಡು, ಚೀಲ ತುಂಬಿಕೊಂಡು ಹೋದ. ಸಂಜೆಗೆ ಆ ಚೀಲದ ಸಮೇತ ವಾಪಸು ಬಂದ. ಓನರನ್ನೂ ಅವರ ಹೆಂಡತಿಯನ್ನೂ ಮದ್ರಾಸಿನ ರೈಲು ಹತ್ತಿಸಿ ಬಂದಿದ್ದನಂತೆ. ಯೂನಿಫಾರಂ ಬಿಚ್ಚಿ ಮೊಳೆಗೆ ಹಾಕಿ ನನ್ನ ಕಡೆ ತಿರುಗಿದ.

"ಎರಡೇ ಸೀಟಂತೆ ಕಣಮ್ಮಿ. ಅವ್ರೇ ಓಡಿಸ್ಕೊಂಡು ಬರ್ತಾರಂತೆ."

ಯಾವಾಗಲೂ ಬಯ್ಯುವ ನಾನು ಅವನ ಚೀಲ ಬಿಚ್ಚಿ ಬಟ್ಟೆ ತೆಗೆದಿಟ್ಟೆ. ಅವತ್ತು ಭಾವ ಜಗಲಿಗೆ ಬರಲಿಲ್ಲ. ಮುದ್ದೆ ಮುರಿದು ಹಾಗೇ ಬಿಟ್ಟು ಎದ್ದ.

ಮೂರನೇ ದಿನ ಮಧ್ಯಾಹ್ನ ಕಾರು ಬಂತು. ಬಯ್ಯೋಣ ಅಂತಲೇ ನಿಂತಿದ್ದ ನಾನೂ ಬಾಯಿ ಬಿಟ್ಟುಕೊಂಡು ನೋಡಿದೆ. ಕೆಂಡದಂಥ ಕೆಂಪು, ನನ್ನ ಸೊಂಟಕ್ಕಿಂತ ಸ್ವಲ್ಪವೇ ಎತ್ತರ. ಮಷೀನು ನಿಲ್ಲಿಸಿ ಎಲ್ಲರೂ ಹೊರಗೆ ಬಂದರು. ಅಕ್ಕ ಆರತಿ ಎತ್ತಿದಳು. ಭಾವ ಮೊಳೆಯ ಮೇಲಿದ್ದ ಯೂನಿಫಾರಮ್ಮನ್ನೇ ಹಾಕಿಕೊಂಡು ಬಂದಿದ್ದ. ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣಿಟ್ಟು ದೂರ ಸರಿದು ನಿಂತ. ಕಾರು ನಿಂಬೆಹಣ್ಣು ತುಳಿಯಿತು, ಶೆಡ್ಡಿನ ಕಡೆ ತಿರುಗಿತು, ಮುಂದಿನ ಚಕ್ರ ಹೊಸಿಲು ದಾಟಿತು. ದಾಟಿದ ಮೇಲೆ ಗರ್ ಅಂತ ಒಂದು ಸದ್ದು ಬಂತು. ಕಾರಿನ ಹೊಟ್ಟೆ ಕಲ್ಲಿನ ಮೇಲೆ ಕೂತುಬಿಟ್ಟಿತ್ತು.

ಓನರು ಇಳಿದು ಬಗ್ಗಿ ನೋಡಿದರು. ಕಾರಿನ ಶೆಡ್ಡಿಗೆ ಹೊಸಿಲು ಹಾಕಿದ ಬುದ್ಧಿವಂತ ಯಾರು ಅಂದರು. ಭಾವ ತಲೆ ತಗ್ಗಿಸಿದ. ಇಂಜಿನ್ ಹಾಕಿದರೆ ಇನ್ನೂ ಕೆರೆಯುತ್ತದೆ, ಎಲ್ಲರೂ ಸೇರಿ ಎತ್ತಿ ತಳ್ಳಬೇಕು, ಒಬ್ಬರು ಒಳಗೆ ಸ್ಟೀರಿಂಗು ಹಿಡಿದಿರಬೇಕು ಅಂತಾಯಿತು. ಓನರದು ಭಾರೀ ಆಳು. ಅವರು ಕೂತರೆ ಕಾರು ಇನ್ನೂ ಕುಸಿಯುತ್ತದೆ. ಸುತ್ತ ನೋಡಿದರು. ಭಾವನಷ್ಟು ಒಣಕಲು ಇನ್ನೊಬ್ಬನಿರಲಿಲ್ಲ.

"ಹನುಮಂತರಾಯಪ್ಪ, ನೀನ್ ಕೂತ್ಕೊ. ಇಂಜಿನ್ ಮುಟ್ಬೇಡ" ಅಂದರು.

ಭಾವ ಚಪ್ಪಲಿ ಬಿಟ್ಟು ಹತ್ತಿದ. ನಾವೆಲ್ಲ ಕೈ ಕೊಟ್ಟೆವು. ಗ್ರೀಸಿನ ಕೈಯನ್ನು ಸೀರೆಗೆ ಒರೆಸಿಕೊಂಡು ನಾನೂ ಕೊಟ್ಟೆ. ಕಾರು ಎದ್ದಿತು, ಹೊಸಿಲು ದಾಟಿತು, ಮೆಲ್ಲಗೆ ಒಳಗೆ ಉರುಳಿತು. ಅಷ್ಟೇ ದೂರ. ಅಷ್ಟು ದೂರವೂ ಭಾವ ಕನ್ನಡಿ ನೋಡಿಕೊಂಡು, ಎರಡೂ ಕೈಯಲ್ಲಿ ಸ್ಟೀರಿಂಗು ಹಿಡಿದು, ಮದ್ರಾಸ್ ರಸ್ತೆಯಲ್ಲಿ ಬರುವವನ ಹಾಗೇ ಬಂದ.

ನಾಳೆ ಆ ಕಲ್ಲು ಕೀಳಿಸು ಅಂತ ಹೇಳಿ ಓನರು ಹೆಂಡತಿಯ ಜೊತೆ ಆಫೀಸಿನೊಳಗೆ ಹೋದರು. ಜನ ಮಷೀನಿಗೆ ಹೋದರು. ಭಾವ ಇಳಿಯಲಿಲ್ಲ. ಇವನಿಗೇನಾಯಿತು ಅಂತ ನಾನು ಬಾಗಿಲಲ್ಲೇ ನಿಂತೆ. ಒಳಗೆ ತಂಪು ಕತ್ತಲೆ. ಹಂಚಿನ ಸಂದಿಯಿಂದ ಒಂದಿಷ್ಟು ಬಿಸಿಲು ಕೆಂಪು ಬಣ್ಣದ ಮೇಲೆ ಬಿದ್ದಿತ್ತು. ಭಾವ ಕೈ ಚಾಚಿ ಪಕ್ಕದ ಬಾಗಿಲು ತೆಗೆದ. ಮಾಲೀಕರ ವಸ್ತು ಮುಟ್ಟಬಾರದು ಅನ್ನುತ್ತಿದ್ದವನು, ಇನ್ನೂ ಆರತಿ ತಟ್ಟೆ ಹಿಡಿದು ಹೊರಗೆ ನಿಂತಿದ್ದ ಅಕ್ಕನನ್ನು ನೋಡಿ ತಲೆಯಾಡಿಸಿ ಕರೆದ. ಅಕ್ಕ ಹೊಸಿಲಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು, ಒಳಗೆ ಹೋಗಿ, ಆರತಿ ತಟ್ಟೆಯನ್ನು ತೊಡೆ ಮೇಲಿಟ್ಟುಕೊಂಡು ಅವನ ಪಕ್ಕ ಕೂತಳು. ಇದ್ದದ್ದೇ ಎರಡು ಸೀಟು, ಎರಡೂ ತುಂಬಿದವು.

"ಎಲ್ಲಿಗೆ ಹೋಗಣ?" ಅಂದ ಭಾವ.

ಅಕ್ಕ ಎದುರಿನ ಗೋಡೆಯ ಕಡೆ ನೋಡಿದಳು.

"ಮನೆಗೆ" ಅಂದಳು.

ಭಾವ ಸ್ಟೀರಿಂಗಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡ. "ಬಂದ್ವಲ್ಲ" ಅಂದ.

ಓನರು ಬಂದಾರು ಅಂತ ನಾನು ಆ ಕಲ್ಲಿನ ಮೇಲೆ ಕೂತು ಕಾವಲು ಕಾದೆ.