ಬಾಗಿಲ ಹಲಗೆಯ ಮೇಲಿನ ರೈಲು

ಅಪ್ಪನಿಗೊಂದು ಕರೆಗಂಟೆ ಮಾಡಿಕೊಡಲು ಹಳೆಯ ಬಿಸ್ಕತ್ ಡಬ್ಬಿ ಕೆದಕುತ್ತಿದ್ದೆ. ಪಾರ್ಶ್ವವಾಯು ಹೊಡೆದ ಮೇಲೆ ಅಪ್ಪನಿಗೆ ಮಾತಿಲ್ಲ. ಎಡಗೈಯ ಎರಡು ಬೆರಳು ಆಡುತ್ತವೆ, ಒಂದು ಗುಂಡಿ ಒತ್ತಲು ಅಷ್ಟು ಸಾಕು. ಡಬ್ಬಿಯ ತಳದಲ್ಲಿ ಬೆಂಕಿಪೊಟ್ಟಣದಷ್ಟು ಪುಟ್ಟದಾದ, ಸದ್ದು ತುಂಬಿಸಿಡುವ ಸೌಂಡ್ ಬೋರ್ಡು ಸಿಕ್ಕಿತು. ಅದರ ವೈರುಗಳಿಗೆ ರವಿಕೆ ಹೊಲಿಯುವ ಕೆಂಪು ದಾರ ಸುತ್ತಿತ್ತು. ಆ ದಾರ ನನ್ನದಲ್ಲ, ಪಕ್ಕದ ಮನೆಯ ಅಕ್ಕನದು...

ಗುಂಡ್ಲುಪೇಟೆಯಲ್ಲಿ ನಮಗೂ ಅವರಿಗೂ ನಡುವೆ ಒಂದೇ ಗೋಡೆ. ನಾನು ಐಟಿಐ ಮುಗಿಸಿ ಮನೆಯಲ್ಲೇ ಮಿಕ್ಸಿ, ರೇಡಿಯೋ ರಿಪೇರಿ ಮಾಡುತ್ತಿದ್ದೆ. ಅಕ್ಕನ ಗಂಡ ತರಕಾರಿ ಲಾರಿ ಓಡಿಸಿಕೊಂಡು ಕೇರಳಕ್ಕೆ ಹೋದರೆ ಬರುವುದು ವಾರಕ್ಕೊಮ್ಮೆ. ಒಳಕೋಣೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ಅವರಿಗೂ ಮಾತು ಹೋಗಿತ್ತು. ಏನಾದರೂ ಬೇಕಾದರೆ ಸ್ಟೀಲ್ ಲೋಟದಿಂದ ಮಂಚದ ಕಬ್ಬಿಣಕ್ಕೆ ಕುಟ್ಟುತ್ತಿದ್ದರು, ಟಣ್ ಟಣ್. ಅಕ್ಕ ಎಲ್ಲಿದ್ದರೂ "ಬಂದೆ" ಎಂದು ಓಡಬೇಕು. ನಾನು ಕಂಡಂತೆ ವರ್ಷಗಟ್ಟಲೆ ಅವರು ಬೀದಿಯ ಕೊನೆಯ ಅಂಗಡಿ ದಾಟಿ ಹೋಗಲಿಲ್ಲ. ಅತ್ತೆ ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಹಗುರಾಗಬಹುದಿತ್ತು. ಪಾಪ, ಅವರು ಕೆಟ್ಟವರೂ ಅಲ್ಲ.

ಒಂದು ದಸರೆಗೆ ಅಕ್ಕ ಗೊಂಬೆಗಳ ಪಕ್ಕದಲ್ಲಿ ಹಳೆಯ ಬಾಗಿಲೊಂದನ್ನು ಇಟ್ಟಿಗೆಗಳ ಮೇಲೆ ಮಲಗಿಸಿ ಅದರ ಮೇಲೆ ಚಾಮರಾಜನಗರದ ಸ್ಟೇಷನ್ ಕಟ್ಟಿದರು. ರಟ್ಟಿನ ಪ್ಲಾಟ್‌ಫಾರಂ, ಊದುಬತ್ತಿ ಕಡ್ಡಿಗಳ ಬೇಲಿ, ಗಂಡ ತಂದುಕೊಟ್ಟ ಬ್ಯಾಟರಿ ರೈಲು. ಅಕ್ಕನ ತವರು ಚಾಮರಾಜನಗರದ ಪಕ್ಕದ ಹರದನಹಳ್ಳಿ. ಹುಡುಗಿಯಾಗಿದ್ದಾಗ ಅಲ್ಲಿನ ಪೇಟೆಗೆ ಬಂದಾಗೆಲ್ಲ ರೈಲು ನೋಡಿದ್ದರು, ಹತ್ತಿರಲಿಲ್ಲ. ಮದುವೆಯಾಗಿ ಬಂದದ್ದು ರೈಲೇ ಇಲ್ಲದ ಊರಿಗೆ. ಹಬ್ಬ ಮುಗಿದು ಗೊಂಬೆಗಳೆಲ್ಲ ಪೆಟ್ಟಿಗೆ ಸೇರಿದರೂ ಆ ಬಾಗಿಲು ಹಜಾರದಲ್ಲೇ ಉಳಿಯಿತು.

"ಸುಮ್ಕೆ ಸುತ್ತತದೆ ಕಣಮ್ಮಿ. ಇದುಕ್ಕೊಂದು ಸದ್ದು ಹಾಕ್ಕೊಡು," ಎಂದರು ಒಂದು ದಿನ.

ಅಂಥ ಕೆಲಸವೆಂದರೆ ನನಗೆ ಊಟ ಬೇಡ, ನಿದ್ದೆ ಬೇಡ. ಎಂಜಿನ್ನಿನ ಹೊಟ್ಟೆಗೆ ಅಯಸ್ಕಾಂತ ಅಂಟಿಸಿದೆ. ಹಳಿಯ ಕೆಳಗೆ, ಅಯಸ್ಕಾಂತ ಹತ್ತಿರ ಬಂದರೆ ತಾನೇ ಕೂಡಿಕೊಳ್ಳುವ ಪುಟ್ಟ ಸ್ವಿಚ್ಚುಗಳನ್ನು ಇಟ್ಟೆ. ರೈಲು ಅದರ ಮೇಲೆ ಹಾದರೆ ಸಾಕು, ಬೋರ್ಡಿನಲ್ಲಿ ತುಂಬಿಸಿದ ಸದ್ದು ಹೊರಬರುತ್ತದೆ. ಎಂಜಿನ್ನಿನ ಕೂಗಿಗೆ ಒಂದು ಬೋರ್ಡು. ಆ ಕೂಗನ್ನು ಚಾಮರಾಜನಗರಕ್ಕೇ ಹೋಗಿ ಮೊಬೈಲಿನಲ್ಲಿ ಹಿಡಿದು ತಂದೆ. ಇನ್ನೊಂದು ಬೋರ್ಡು ಸ್ಟೇಷನ್ನಿನ ಅನೌನ್ಸ್‌ಮೆಂಟಿಗೆ. ಅದನ್ನು ಮಾತ್ರ ತಾವೇ ಹೇಳುವುದಾಗಿ ಅಕ್ಕ ಹಟ ಹಿಡಿದರು.

ಬೋರ್ಡಿನಲ್ಲಿ ಹಿಡಿಯುವುದು ಹತ್ತೇ ಸೆಕೆಂಡಿನ ಮಾತು. ಅಕ್ಕ ಗಂಟಲು ಸರಿಮಾಡಿಕೊಂಡು "ಮೈಸೂರಿಗೆ ಹೋಗುವ ರೈಲು..." ಎನ್ನುವಷ್ಟರಲ್ಲಿ ಒಳಗಿನಿಂದ ಟಣ್ ಟಣ್. ಓಡಿದರು. ಮತ್ತೆ ಬಂದು ಕೂತರು, ಮತ್ತೆ ಟಣ್ ಟಣ್. ಒಮ್ಮೆ ನೀರು, ಒಮ್ಮೆ ದಿಂಬು, ಒಮ್ಮೆ ಏನೂ ಇಲ್ಲ... ಆರನೆಯ ಸಲ ಮಾತೇನೋ ಪೂರ್ತಿಯಾಯಿತು, ಆದರೆ ಕೊನೆಯಲ್ಲಿ ಲೋಟದ ಸದ್ದೂ ಸೇರಿಕೊಂಡಿತು. ಅಳಿಸಿ ಇನ್ನೊಂದು ಸಲ ಮಾಡೋಣ ಎಂದೆ.

"ಇರ್ಲಿ ಬುಡಮ್ಮಿ. ಅದಿಲ್ದೆ ನಾನ್ಯಾವ್ ಕೆಲ್ಸ ಮಾಡಿವ್ನಿ?" ಅಕ್ಕ ನಗುತ್ತಲೇ ಅಂದರು. ನನಗೂ ಸಾಕಾಗಿತ್ತು, ಹಾಗೇ ಬಿಟ್ಟೆ.

ರೈಲು ಸ್ಟೇಷನ್ ಹಾದಾಗೆಲ್ಲ ಎಂಜಿನ್ನಿನ ಕೂಗು, ಅಕ್ಕನ ಗಟ್ಟಿ ದನಿ, ಕೊನೆಗೆ ಟಣ್ ಟಣ್. ಅದನ್ನು ಕೇಳುತ್ತಾ ಅಕ್ಕ ಹೇಳುತ್ತಿದ್ದರು, "ಒಂದ್ ಕಿತ ರೈಲತ್ತಿ ಮೈಸೂರ್ಗೆ ಓಗ್ಬೇಕು ಕಣಮ್ಮಿ. ಇಬ್ರೂವೆ ಓಗನ."

ಅತ್ತೆ ತೀರಿಕೊಂಡ ಎರಡು ತಿಂಗಳಿಗೆ ನಾನೇ ಹೊರಡಿಸಿದೆ. ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋಗಿ ರೈಲು ಹತ್ತಿದೆವು. ಅಕ್ಕ ಕಿಟಕಿಯ ಪಕ್ಕ ಕೂತು ಎರಡೂ ಕೈಯಲ್ಲಿ ಸರಳು ಹಿಡಿದುಕೊಂಡರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ... ರೈಲು ಇನ್ನೇನು ಹೊರಡಬೇಕು, ಆಗ ಕಿಟಕಿಯಾಚೆ ಟೀ ಮಾರುವವನು ಗಿರಾಕಿಗಳನ್ನು ಕರೆಯಲು ಕ್ಯಾನಿಗೆ ಲೋಟ ಕುಟ್ಟಿದ. ಟಣ್ ಟಣ್. "ಬಂದೆ" ಎಂದು ಅಕ್ಕ ಎದ್ದರು. ನಾನು ಸೆರಗು ಹಿಡಿಯುವಷ್ಟರಲ್ಲಿ ಅವರು ಪ್ಲಾಟ್‌ಫಾರಂ ಮೇಲಿದ್ದರು. ನಾನೂ ಇಳಿದೆ. ರೈಲು ಹೊರಟುಹೋಯಿತು.

"ಸತ್ತೋದೋರು ಕರೀತಾರ ಅಕ್ಕ? ಅಷ್ಟೂ ಗ್ಯಾನ ಬ್ಯಾಡ್ವಾ?" ಎಂದು ಅಷ್ಟು ಜನರೆದುರು ರೇಗಿಬಿಟ್ಟೆ.

ಅಕ್ಕ ತಲೆ ತಗ್ಗಿಸಿದರು. "ಮನ್ಗೋಗನ ಕಣಮ್ಮಿ," ಎಂದರು.

ಬಸ್ಸಿನಲ್ಲಿ ಊರಿಗೆ ಮರಳಿದೆವು. ಇನ್ನೊಂದು ದಿನ ಹೋದರಾಯಿತು ಅಂದುಕೊಂಡೆ. ಆ ದಿನ ಬರಲೇ ಇಲ್ಲ. ಮರುವರ್ಷ ಕಾಯಿಲೆ ಬಿದ್ದ ಅಕ್ಕ ಮೇಲೇಳಲಿಲ್ಲ... ಅವರ ಗಂಡ ಈ ಬೋರ್ಡನ್ನು ನನ್ನ ಕೈಗಿಟ್ಟು, ಬಾಗಿಲನ್ನು ಹಿತ್ತಿಲ ಗೋಡೆಗೆ ಒರಗಿಸಿದರು.

ಇವತ್ತು ಬೆಳಿಗ್ಗೆ ಹೊಸ ಬ್ಯಾಟರಿ ಹಾಕಿ ಗುಂಡಿ ಒತ್ತಿದೆ. "ಮೈಸೂರಿಗೆ ಹೋಗುವ ರೈಲು ಹೊರಡಲಿದೆ, ಎಲ್ಲರೂ ಹತ್ತಿ ಕೂತುಕೊಳ್ಳಿ." ಟಣ್ ಟಣ್. ಅದಾದ ಮೇಲೆ ತೀರಾ ಸಣ್ಣಗೆ "ಬಂ..." ಎಂದದ್ದು ಕೇಳಿಸಿತು. ಹತ್ತು ಸೆಕೆಂಡು ಅಲ್ಲಿಗೆ ಮುಗಿದಿತ್ತು. ಇಷ್ಟು ವರ್ಷ ನಾನು ಅದನ್ನು ಗಮನಿಸಿರಲೇ ಇಲ್ಲ. ಅವತ್ತು ರೇಗಬಾರದಿತ್ತು ಅಕ್ಕ, ತಪ್ಪಾಯಿತು.

ಅಪ್ಪ ಹಾಸಿಗೆ ಹಿಡಿದಾಗಿನಿಂದ ನಾನೂ ಈ ಬೀದಿ ದಾಟಿಲ್ಲ. ಬೋರ್ಡಿನಲ್ಲಿದ್ದುದನ್ನು ಅಳಿಸಿ ಗಂಟೆಯ ಸದ್ದು ತುಂಬಿಸಬೇಕೆಂದು ಕೂತವಳಿಗೆ ಕೈ ಬರಲಿಲ್ಲ. ಹಾಗೇ ಅಪ್ಪನ ಮಂಚದ ಗುಂಡಿಗೆ ಜೋಡಿಸಿದೆ.

ಮಧ್ಯಾಹ್ನ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಒಳಗಿನಿಂದ ಅಕ್ಕನ ದನಿ ಬಂತು, "ಮೈಸೂರಿಗೆ ಹೋಗುವ ರೈಲು..." ಲೋಟದ ಸದ್ದು ಬರುವ ಮೊದಲೇ "ಬಂದೆ" ಎಂದು ನಾನು ಓಡಿದ್ದೆ.